ಒಂಬತ್ತೂವರೆಗೆ ತೆರೆಯುವ ಬಾಲವಾಡಿ

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ನಮ್ಮಪ್ಪ "ಅರ್ಜಿ ಬರಿತಾನೆ" ಎಂದಷ್ಟೇ ಹೇಳಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಕಡೆಗೆ ನಡೆದುಬಿಡುತ್ತಾರೆ. ಕೇಳಿದವರು ನನ್ನನ್ನು ಹುಣಸೂರಿನ ತಾಲ್ಲೂಕು ಕಚೇರಿ ಎದುರು ಛತ್ರಿ ಕಟ್ಟಿಕೊಂಡು ಕೂರುವ ಅರ್ಜಿ ಬರಹಗಾರರ ಸಾಲಿಗೆ ಸೇರಿಸಿ, ಹಾಗಾದರೆ ನಮ್ಮ ಪಹಣಿ ತಿದ್ದುಪಡಿಗೊಂದು ಬರೆದುಕೊಡಪ್ಪ ಎನ್ನುತ್ತಾರೆ. ಬರೆದುಕೊಟ್ಟಿದ್ದೇನೆ ಕೂಡ. ನಿಜ ಹೇಳಬೇಕೆಂದರೆ, ಸಂಬಳಕ್ಕೆ ಬರೆದ ಅರ್ಜಿಗಳಿಗಿಂತ ಅವೇ ಬೇಗ ಮಂಜೂರಾಗಿವೆ.

ಸಂಬಳದ ಕೆಲಸ ಇದು: ಹುಣಸೂರಿನ ಒಂದು ಸಣ್ಣ ಸೇವಾ ಸಂಸ್ಥೆಗೆ ಪ್ರಪೋಸಲ್ ಬರೆಯುವುದು. ಇದ್ದವರಿಗೆ, ಇಲ್ಲದವರ ಪರವಾಗಿ, ಇಬ್ಬರಿಗೂ ಪೂರ್ತಿ ಅರ್ಥವಾಗದ ಭಾಷೆಯಲ್ಲಿ ಪತ್ರ ಬರೆಯುವ ಉದ್ಯೋಗ. ಇದಕ್ಕೆ ನನ್ನ ಓದಿಗಿಂತ ಹೆಚ್ಚು ಸಹಾಯಕ್ಕೆ ಬಂದದ್ದು ನನ್ನ ಕೆಟ್ಟ ಚಾಳಿ. ನನಗೆ ಚಿಕ್ಕಂದಿನಿಂದ ಕಂಡಕಂಡವರನ್ನು ಅಣಕಿಸುವ ಅಭ್ಯಾಸ. ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವಾಗ ಮೂಗಿನಿಂದ ತೆಗೆಯುವ ರಾಗ, ನಮ್ಮ ಹೆಡ್‌ಮಾಸ್ತರು ಪ್ರಾರ್ಥನೆಯ ನಡುವೆ ಪಂಚೆ ಸರಿಮಾಡಿಕೊಳ್ಳುವ ರೀತಿ, ಮದುವೆ ಮನೆಯಲ್ಲಿ ನಮ್ಮ ಅತ್ತೆ ಅಡುಗೆ ಚೆನ್ನಾಗಿದೆ ಎಂದು ಹೇಳುತ್ತಲೇ ಚೆನ್ನಾಗಿಲ್ಲವೆಂದು ತಿಳಿಸುವ ಮುಖ, ಎಲ್ಲವೂ ನನ್ನ ಬಳಿ ಇದ್ದವು. ಅದಕ್ಕೆ ಏಟೂ ತಿಂದಿದ್ದೇನೆ, ಹೋಳಿಗೆಯೂ ತಿಂದಿದ್ದೇನೆ.

ಕೆಲಸದ ಸಂದರ್ಶನಕ್ಕೆ ಹೋದ ದಿನ ಸಂಸ್ಥೆಯ ಜಗಲಿಯಲ್ಲಿ ನಾವು ನಾಲ್ಕೈದು ಜನ ಕಾಯುತ್ತಿದ್ದೆವು. ಒಳಗೆ ನಿರ್ದೇಶಕರು ಫೋನಿನಲ್ಲಿ ಮಾತನಾಡುತ್ತಿದ್ದುದು ಕೇಳಿಸುತ್ತಿತ್ತು. ಪ್ರತಿ ವಾಕ್ಯಕ್ಕೂ "ನೋಡಿ, ಮೂಲಭೂತವಾಗಿ" ಎಂದು ಶುರು ಮಾಡಿ, ನಡುವೆ ಒಂದು ಸಣ್ಣ ಕೆಮ್ಮು ಕೆಮ್ಮಿ, ಕೊನೆಯಲ್ಲಿ ಹೇಳಬೇಕಾದ್ದನ್ನು ಹೇಳದೆ ಬಿಡುವ ಶೈಲಿ. ಹತ್ತು ನಿಮಿಷ ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಜಗಲಿಯವರಿಗೆ ಅದನ್ನೇ ಮಾಡಿ ತೋರಿಸಿದೆ. ಅವರು ನಕ್ಕರು, ಆಮೇಲೆ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿ ಗೋಡೆ ನೋಡತೊಡಗಿದರು. ತಿರುಗಿದರೆ ನಿರ್ದೇಶಕರು ನನ್ನ ಹಿಂದೆಯೇ ನಿಂತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಇಂಗ್ಲಿಷಿನಲ್ಲೂ ಮಾಡ್ತೀರಾ?"

ಮಾಡುತ್ತೇನೆ ಎಂದೆ. ಕೆಲಸ ಸಿಕ್ಕಿತು. ಅವರನ್ನು ನಾನು ಇವತ್ತಿಗೂ ಸರ್ ಎನ್ನುತ್ತೇನೆ, ಅವರ ಬೆನ್ನ ಹಿಂದೆ ಮೂಲಭೂತ ಎನ್ನುತ್ತೇನೆ.

ಸರ್ ಆ ಪ್ರಶ್ನೆ ಯಾಕೆ ಕೇಳಿದರೆಂಬುದು ಬೇಗ ತಿಳಿಯಿತು. ದಾನ ಕೊಡುವ ಪ್ರತಿ ಸಂಸ್ಥೆಗೂ ಅದರದೇ ಒಂದು ದನಿ ಇರುತ್ತದೆ, ಆ ದನಿಯಲ್ಲೇ ಕೇಳಿದರೆ ಮಾತ್ರ ಅವರಿಗೆ ಕೇಳಿಸುತ್ತದೆ. ಬೆಂಗಳೂರಿನ ಕಂಪನಿಯವರಿಗೆ ಎಲ್ಲವೂ ಅಳತೆಗೆ ಸಿಗಬೇಕು. ಅವರಿಗೆ ಬರೆಯುವಾಗ ನಾನು ಟೈ ಕಟ್ಟಿದವನ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ. ವಿದೇಶದವರಿಗೆ ಘನತೆ ಬೇಕು. ಸಾರಿಗೆ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ ಎರಡು ಸಾಲಿಗೊಮ್ಮೆ ಘನತೆ ಉದುರಿಸುತ್ತೇನೆ. ನಾವು ನಡೆಸುವ ಒಂದೇ ಒಂದು ಬಾಲವಾಡಿಯನ್ನು ಒಬ್ಬರಿಗೆ ಪೌಷ್ಟಿಕತೆಯ ಕೇಂದ್ರವೆಂದೂ ಇನ್ನೊಬ್ಬರಿಗೆ ಮಹಿಳಾ ಸಬಲೀಕರಣವೆಂದೂ ತೋರಿಸಿದ್ದೇನೆ. ಒಮ್ಮೆ ಅದರ ಹಿತ್ತಲಲ್ಲಿದ್ದ ಎರಡು ನುಗ್ಗೆಮರ ಹಿಡಿದುಕೊಂಡು ಹವಾಮಾನ ಬದಲಾವಣೆಯ ಯೋಜನೆ ಮಾಡಿ ಕಳಿಸಿದೆ. ಅದು ಮಾತ್ರ ತಿರಸ್ಕೃತವಾಯಿತು. ಮರಗಳಿಗೆ ಇನ್ನೂ ಹೇಳಿಲ್ಲ.

ಆ ಬಾಲವಾಡಿ ಇರುವುದು ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಕಾಲೋನಿಯಲ್ಲಿ. ಅಲ್ಲಿನ ಹೆಂಗಸರು ಕೊಡಗಿನ ಕಾಫಿ ತೋಟಗಳಿಗೆ ಜೀಪಿನಲ್ಲಿ ಕೂಲಿಗೆ ಹೋಗುತ್ತಾರೆ. ಬಾಲವಾಡಿ ಇಲ್ಲದ ಕಾಲದಲ್ಲಿ ಮಕ್ಕಳನ್ನೂ ಕರೆದುಕೊಂಡು ಹೋಗಿ, ಗಿಡಕ್ಕೆ ಸೀರೆಯ ತೊಟ್ಟಿಲು ಕಟ್ಟಿ, ಅದರಿಂದ ಇಳಿದು ನಡೆಯುವಷ್ಟು ದೊಡ್ಡ ಮಕ್ಕಳನ್ನು ದೇವರ ಮೇಲೆ ಬಿಟ್ಟು ಹಣ್ಣು ಬಿಡಿಸುತ್ತಿದ್ದರು. ಈಗ ಮಕ್ಕಳನ್ನು ನೋಡಿಕೊಳ್ಳುವವಳು ಅದೇ ಕಾಲೋನಿಯ ಒಬ್ಬ ಅಕ್ಕ. ಹನ್ನೆರಡು ವರ್ಷ ಅದೇ ಜೀಪು ಹತ್ತಿ ಮಂಡಿ ಕೆಡಿಸಿಕೊಂಡವಳು. ಬಾಲವಾಡಿ ನಿಂತರೆ ಆ ಮಂಡಿಯನ್ನು ಹೊತ್ತುಕೊಂಡು ಮತ್ತೆ ಜೀಪು ಹತ್ತಬೇಕು, ಜೊತೆಗೆ ಮಕ್ಕಳೂ.

ನಿಲ್ಲುವ ಸಂದರ್ಭವೇ ಬಂದಿತ್ತು. ಮೂರು ವರ್ಷದ ಅನುದಾನ ಮುಗಿಯುತ್ತಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ದಾನಿ ಸಂಸ್ಥೆಯಿಂದ ಒಬ್ಬರು ಮೇಡಂ ಬರುತ್ತಾರೆಂದು ಪತ್ರ ಬಂತು. ಬಂದವರು ಅಕ್ಕನ ಜೊತೆ ಮಾತನಾಡಲು ಬಯಸುತ್ತಾರೆಂದೂ ಅದರಲ್ಲಿತ್ತು. ಅದನ್ನು ಓದಿದವನೇ ಎದ್ದು ಹಳೆಯ ಫಾರಂಗಳ ಕಡತ ಹುಡುಕಿದೆ.

ಯಾಕೆಂದರೆ ನಮ್ಮ ಫಾರಂಗಳಲ್ಲಿ ಒಂದು ಚೌಕ ಇರುತ್ತದೆ. ಅದರ ತಲೆಯ ಮೇಲೆ "ಫಲಾನುಭವಿಯ ಸ್ವಂತ ಮಾತುಗಳಲ್ಲಿ" ಎಂದು ಬರೆದಿರುತ್ತದೆ. ಮೂರು ವರ್ಷದಿಂದ ಆ ಚೌಕದೊಳಗೆ ಅಕ್ಕನ ಸ್ವಂತ ಮಾತುಗಳನ್ನು ನಾನೇ ಆಡುತ್ತಾ ಬಂದಿದ್ದೆ. "ಮೊದಲು ನಮ್ಮ ಬದುಕು ಕತ್ತಲಲ್ಲಿತ್ತು, ಈ ಕೇಂದ್ರ ನಮ್ಮ ಪಾಲಿನ ದೀಪ" ಎಂದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. ಮೊದಲ ವರ್ಷ ಒಂದು ಸಲ ಒರೆಸಿಕೊಂಡಿದ್ದಳು. ಸರ್ ಓದಿ ಚೆನ್ನಾಗಿದೆ ಎಂದ ಮೇಲೆ ಮೂರನೇ ವರ್ಷದ ಹೊತ್ತಿಗೆ ಅವಳ ಸೆರಗು ಒಣಗುತ್ತಲೇ ಇರಲಿಲ್ಲ. ನಿಜವಾದ ಅಕ್ಕ ಅಳುವುದನ್ನು ನಾನು ನೋಡಿಯೇ ಇಲ್ಲ. ಅವಳ ನಗು ರಸ್ತೆಯ ಆಚೆಯ ಅಂಗಡಿಗೆ ಕೇಳುತ್ತದೆ.

ಮೇಡಂ ಬರುವ ಹಿಂದಿನ ದಿನ ಕಾಲೋನಿಗೆ ಹೋಗಿ, ಚೌಕದಲ್ಲಿದ್ದುದನ್ನು ಅಕ್ಕನಿಗೆ ಓದಿ ಹೇಳಿದೆ. ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಕೊನೆಯವರೆಗೂ ಕೇಳಿದಳು.

"ಇದ್ನ ಯಾವಾಗ ಏಳ್ದೆ ನಾನು?"

ನಿಮ್ಮ ಪರವಾಗಿ ನಾನೇ ಬರೆದೆ ಅಕ್ಕ ಎಂದೆ.

"ಅತ್ಕಂಡು ಏಳ್ದ್ನಾ?"

"ಒಂಚೂರು."

ಅವಳು ನಕ್ಕ ನಗುವಿಗೆ ತೊಡೆಯ ಮೇಲಿದ್ದ ಮಗು ಎದ್ದು ಅಳತೊಡಗಿತು. ಅಲ್ಲಿಗೆ ಒಬ್ಬರಾದರೂ ಅತ್ತಂತಾಯಿತು. ನಾಳೆ ಬರುವವರಿಗೆ ಕನ್ನಡ ಬರಲಿಕ್ಕಿಲ್ಲ, ನೀವು ಏನು ಹೇಳಿದರೂ ನಾನು ಇಂಗ್ಲಿಷಿನಲ್ಲಿ ದೀಪ ಹಚ್ಚುತ್ತೇನೆ, ಆದರೂ ಮುಖ ಮಾತಿಗೆ ಹೊಂದಬೇಕಲ್ಲ ಎಂದೆ. ಹಾಗಾದರೆ ಹೇಗೆ ಹೇಳಬೇಕೆಂದು ನೀನೇ ಒಂದು ಸಲ ಮಾಡಿ ತೋರಿಸು ಎಂದಳು. ನನಗೆ ಇಷ್ಟು ಹೇಳಿದರೆ ಸಾಕಲ್ಲ. ಎದ್ದು ನಿಂತು, ಬ್ಯಾಗಿನ ಪಟ್ಟಿ ಹೆಗಲಿಗೆ ಎಳೆದುಕೊಂಡು, ಕನ್ನಡಕ ಏರಿಸಿ, ಟವೆಲ್ಲನ್ನು ಸೆರಗು ಮಾಡಿಕೊಂಡು, ಕತ್ತಲು ದೀಪ ಎಲ್ಲ ಮುಗಿಸಿ ಕಣ್ಣೊರೆಸಿಕೊಂಡೆ. ಅವಳು ಅಕ್ಕಸಾಲಿಗ ಚಿನ್ನ ನೋಡುವ ಹಾಗೆ ನೋಡುತ್ತಿದ್ದಳು. ಇನ್ನೊಂದು ಸಲ ಎಂದಳು. ಮತ್ತೊಂದು ಸಲ ಎಂದಳು. ಪಾಪ, ಬೇಗ ತಲೆಗೆ ಹತ್ತುವುದಿಲ್ಲವೇನೋ ಎಂದುಕೊಂಡು ಮೂರು ಸಲ ಮಾಡಿದೆ.

ಮರುದಿನ ಹನ್ನೊಂದಕ್ಕೆ ಮೇಡಂ ಬಂದರು. ಐವತ್ತು ದಾಟಿದವರು, ಹತ್ತಿ ಸೀರೆ, ಕತ್ತರಿಸಿದ ಕೂದಲು. ಸರ್ ಗೇಟಿನಲ್ಲೇ ಇಂಗ್ಲಿಷಿನಲ್ಲಿ ಮೂಲಭೂತವಾಗಿ ಶುರು ಮಾಡಿದರು. ನಾನು ಅನುವಾದಕ್ಕೆ ಗಂಟಲು ಸರಿಮಾಡಿಕೊಂಡು ಪಕ್ಕದಲ್ಲಿ ನಿಂತೆ. ಅವರು ಎರಡು ವಾಕ್ಯ ಕೇಳಿಸಿಕೊಂಡು, "ಅದ್ಯಾಕೆ ಕಷ್ಟಪಡ್ತೀರಿ, ನಮ್ದು ಕೆ.ಆರ್. ನಗರ ಕಣ್ರೀ" ಎಂದರು. ಸರ್ ಕೆಮ್ಮಿದರು. ನನ್ನ ಕೆಲಸ ಗೇಟಿನಲ್ಲೇ ಮುಗಿಯಿತು.

ಒಳಗೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಅವರು ಅಕ್ಕನನ್ನು, ಈ ಬಾಲವಾಡಿಯಿಂದ ನಿಮಗೇನಾಯಿತು ಹೇಳಿ ಎಂದು ಕೇಳಿದರು. ಕಲಿಸಿದ್ದನ್ನು ಹೇಳಬೇಡಿ ಎಂದು ನಾನು ಬಾಗಿಲ ಬಳಿಯಿಂದ ಕಣ್ಣು, ಹುಬ್ಬು, ಗಲ್ಲ ಎಲ್ಲವನ್ನೂ ಅಲ್ಲಾಡಿಸಿದೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಎದ್ದು ನಿಂತಳು. ಹೆಗಲ ಮೇಲೆ ಇಲ್ಲದ ಬ್ಯಾಗಿನ ಪಟ್ಟಿಯನ್ನು ಮೇಲಕ್ಕೆ ಎಳೆದುಕೊಂಡಳು. ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಬೆರಳ ಗೆಣ್ಣಿನಿಂದ ಏರಿಸಿದಳು. ಆಮೇಲೆ ಒಂದು ಅಕ್ಷರವನ್ನೂ ನುಂಗದೆ, ಅಚ್ಚಾದ ಕನ್ನಡದಲ್ಲಿ ಹೇಳಿದಳು. "ಮೊದಲು ನಮ್ಮ ಬದುಕು ಕತ್ತಲಲ್ಲಿತ್ತು. ಈ ಕೇಂದ್ರ ನಮ್ಮ ಪಾಲಿನ ದೀಪ."

ನಾನು ಅಲ್ಪವಿರಾಮಕ್ಕೆ ತುಟಿ ಒದ್ದೆ ಮಾಡಿಕೊಳ್ಳುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಆವತ್ತು ಗೊತ್ತಾಯಿತು. ಕಣ್ಣೊರೆಸಿಕೊಂಡದ್ದು ಕೂಡ ಹೆಂಗಸರು ಒರೆಸಿಕೊಳ್ಳುವ ಹಾಗಲ್ಲ, ನಾನು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿಕೊಂಡು ಒತ್ತಿಕೊಂಡಿದ್ದೆನಲ್ಲ, ಹಾಗೆ. ಮಕ್ಕಳು ಚಾಪೆಯ ಮೇಲೆ ಉರುಳಾಡಿ ನಕ್ಕವು. ಮೂರು ವರ್ಷದ ಒಂದು ಹೆಣ್ಣುಮಗು ತಾನೂ ಎದ್ದು ಬ್ಯಾಗಿನ ಪಟ್ಟಿ ಎಳೆದುಕೊಂಡಿತು. ಇದು ಮೊದಲ ಪ್ರದರ್ಶನವಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ನಾನು ಬಂದು ಹೋದ ಮೇಲೆ ಈ ಕಾಲೋನಿಯಲ್ಲಿ ಪ್ರತಿ ಸಲ ನಾನು ಇನ್ನೊಮ್ಮೆ ಬಂದು ಹೋಗುತ್ತಿದ್ದೆ.

ಆ ಕೋಣೆಯಲ್ಲಿ ನಿಜವಾಗಿ ಸೆರಗಿನಿಂದ ಕಣ್ಣೊರೆಸಿಕೊಂಡವರು ಮೇಡಂ ಒಬ್ಬರೇ, ನಕ್ಕು ನಕ್ಕು. ನಗು ತಹಬಂದಿಗೆ ಬಂದ ಮೇಲೆ ಹೇಳಿದರು. "ಇದು ಆ ಹುಡುಗನ್ದಾಯ್ತು. ಈಗ ನಿಂದೇಳಕ್ಕ."

ಅಕ್ಕ ಆಗ ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಕೂತುಕೊಂಡು, ಯಾರ ದನಿಯನ್ನೂ ಹಾಕದೆ ಹೇಳಿದಳು.

"ಜೀಪು ಐದೂ ಮುಕ್ಕಾಲ್ಗೆ ಬತ್ತದೆ ಕಣ್ರವ್ವ. ಒಂಬತ್ತೂವರೆಗೆ ಬಾಗ್ಲು ತಗುದ್ರೆ ಐಕ್ಳ ತಂದು ಕೊಡಾಕೆ ಇಲ್ಲಿ ಯಾರಿರ್ತಾರೆ?"

ಹೊರಗೆ ಗೋಡೆಯ ಮೇಲೆ ಬೋರ್ಡು ಇತ್ತು: ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆ. ಅದನ್ನು ಬರೆಸಿದವನು ನಾನು. ಮೊದಲ ಪ್ರಪೋಸಲ್ಲಿನಲ್ಲಿ ಸಮಯದ ಕಾಲಂ ಖಾಲಿ ಇತ್ತು, ತಲೆಯೆತ್ತಿದರೆ ನಮ್ಮ ಕಚೇರಿಯ ಸಮಯದ ಬೋರ್ಡು ಕಂಡಿತು, ಅದನ್ನೇ ಇಳಿಸಿದೆ. ತಾಯಂದಿರು ಕೂಲಿಗೆ ಹೋಗುತ್ತಾರೆಂದು ಅದೇ ಪುಟದಲ್ಲಿ ಎರಡು ಪ್ಯಾರಾ ಬರೆದಿದ್ದೆ. ಎಷ್ಟು ಹೊತ್ತಿಗೆ ಹೋಗುತ್ತಾರೆಂದು ಒಬ್ಬರನ್ನೂ ಕೇಳಿರಲಿಲ್ಲ. ನಾನಾಗಲಿ ಸರ್ ಆಗಲಿ ಕಾಲೋನಿಗೆ ಹನ್ನೊಂದಕ್ಕೆ ಮುಂಚೆ ಎಂದೂ ಹೋದವರಲ್ಲ.

ಹಾಗಾದರೆ ಎಷ್ಟು ಹೊತ್ತಿಗೆ ತೆಗೆಯುತ್ತೀಯೆ ಎಂದು ಮೇಡಂ ಕೇಳಿದರು. ಐದೂವರೆಗೆ ಎಂದಳು ಅಕ್ಕ. ಮೊದಲ ದಿನದಿಂದಲೂ ಐದೂವರೆಗೆ. ಮೇಡಂ ಹಾಜರಿ ಪುಸ್ತಕ ತೆಗೆದು ನೋಡಿದರು. ಮೂರು ವರ್ಷ, ಒಂದೇ ಕೈಬರಹ, ಪ್ರತಿ ದಿನವೂ ಒಂಬತ್ತೂವರೆ.

"ಅವ್ರು ಅಂಗೆ ಬರ್ದವ್ರೆ, ನಾನೂ ಅಂಗೇ ಬರ್ದೆ," ಎಂದಳು ಅಕ್ಕ. "ಒಂದಕ್ಸರ ಬದ್ಲಾಯ್ಸುದ್ರೂ ನಿಂತೋಯ್ತದೆ ಅಂತ ಈ ಮಗಾನೇ ಏಳಿತ್ತು."

ಹೇಳಿದ್ದೆ. ಮೊದಲ ತರಬೇತಿಯ ದಿನ, ದೊಡ್ಡ ಅಧಿಕಾರಿಯ ದನಿ ಮಾಡಿಕೊಂಡು, ಬೆರಳು ಎತ್ತಿ ಹೇಳಿದ್ದೆ. ಎಲ್ಲರೂ ನಕ್ಕಿದ್ದರು. ಒಬ್ಬಳು ಮಾತ್ರ ಅದನ್ನು ನಂಬಿ ಮೂರು ವರ್ಷ ಹಾಗೇ ನಡೆದುಕೊಂಡಿದ್ದಳು.

ಮೇಡಂ ಪುಸ್ತಕ ಮುಚ್ಚಿದರು. ಮೂರು ವರ್ಷದ ಸುಳ್ಳು ಹಾಜರಿಯನ್ನು ತಮ್ಮ ಕಚೇರಿಯಲ್ಲಿ ಕೂತವರು ನೋಡಿದರೆ ಅದೊಂದನ್ನೇ ನೋಡುತ್ತಾರೆ, ಬೆಳಿಗ್ಗೆ ಬಾಗಿಲು ತೆಗೆದದ್ದನ್ನು ನೋಡುವುದಿಲ್ಲ ಎಂದರು. ಅಕ್ಕನ ಮುಖದಲ್ಲಿ ನಗುವಿನ ಸುಳಿವೂ ಉಳಿಯಲಿಲ್ಲ.

"ಅಂಗಾರೆ ನಿಲ್ಸಿಬುಟ್ಟೀರಾ?"

"ಗೊತ್ತಿಲ್ಲ ಕಣಮ್ಮ. ನಿಲ್ಸೋದು ಬಿಡೋದು ನನ್ನೊಬ್ಳ ಕೈಲಿಲ್ಲ."

ಹೊರಡುವಾಗ ನನ್ನನ್ನು ಕರೆದು, ಹತ್ತು ದಿನದಲ್ಲಿ ಪ್ರಪೋಸಲ್ ಹೊಸದಾಗಿ ಬರೆಯಿರಿ, ಸಮಯ ಹೇಗೆ ತಪ್ಪಾಯಿತೆಂದು ಅದರಲ್ಲೇ ಹೇಳಿ ಎಂದರು. ಕಾರು ಹತ್ತಿ ಕಿಟಕಿ ಇಳಿಸಿದರು. "ಆ ಚೌಕದಲ್ಲಿ ಈ ಸಲ ನಿಮ್ಮ ದನಿ ಕೇಳ್ಸಿದ್ರೆ ನಂಗೆ ಗೊತ್ತಾಗುತ್ತೆ. ಈಗ ತಾನೆ ಕೇಳಿದೀನಲ್ಲ."

ವಾಪಸು ಬರುವಾಗ ಹುಣಸೂರು ಹತ್ತಿರವಾದಾಗ ಸರ್ ಕೆಮ್ಮಿ, ಆಯಮ್ಮ ನನ್ನ ಅಣಕವನ್ನೂ ಮಾಡುತ್ತಾರಾ ಎಂದು ಕೇಳಿದರು. ಮಾಡಬಹುದು ಸರ್ ಎಂದೆ. ಹೇಗಿರುತ್ತದೋ ಎಂದರು. ನನಗೆ ಮಾಡಿ ತೋರಿಸಲು ಬರುತ್ತಿತ್ತು, ಆದರೆ ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದೆ.

ಎರಡು ದಿನ ಕಂಪ್ಯೂಟರಿನ ಮುಂದೆ ಕೂತೆ. ಚೌಕ ತುಂಬಲಿಲ್ಲ. ಬರೆದ ಪ್ರತಿ ಸಾಲೂ ತುಟಿ ಒದ್ದೆ ಮಾಡಿಕೊಳ್ಳುತ್ತಿತ್ತು. ಮೂರನೇ ದಿನ ನೋಟ್‌ಬುಕ್ ಹಿಡಿದು ಕಾಲೋನಿಗೆ ಹೋದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮಂಡಿಗೆ ಎಣ್ಣೆ ಹಚ್ಚಿಕೊಂಡಿದ್ದ ವಾಸನೆ. ಜೀಪಿನವನಿಗೆ ಒಂದು ಜಾಗ ಇಟ್ಟಿರು ಎಂದು ಹೇಳಿದ್ದಾಳಂತೆ, ಯಾವುದಕ್ಕೂ ಇರಲಿ ಎಂದು. ನಿಮ್ಮ ಮಾತು ಹೇಳಿ ಅಕ್ಕ, ಬರೆದುಕೊಳ್ಳುತ್ತೇನೆ ಎಂದೆ. ಅವಳು ತಲೆಯೆತ್ತಲಿಲ್ಲ.

"ನೀನು ಬರಾದೆ ಅನ್ನೊಂದ್ ಗಂಟ್ಗೆ. ಈಗೇನ್ ಕಂಡೀಯೆ ಇಲ್ಲಿ? ಐದೂವರೆಗೆ ಬಾ ಓಗು."

ಮಾರನೆಯ ದಿನ ನಸುಕಿನಲ್ಲಿ ಬೈಕು ತೆಗೆದಾಗ ನಮ್ಮಪ್ಪ ಬ್ಯಾರನ್ನಿಂದ ಎದ್ದು ಬಂದು, ಯಾರಿಗೆ ಹುಷಾರಿಲ್ಲ ಎಂದು ಗಾಬರಿಯಿಂದ ಕೇಳಿದರು. ಅರ್ಜಿ ಬರೆಯಲು ಹೋಗುತ್ತಿದ್ದೇನೆ ಎಂದರೆ ನಂಬಲಿಲ್ಲ. ದಾರಿಯುದ್ದಕ್ಕೂ ಮಂಜು. ಕನ್ನಡಕ ಒರೆಸಿಕೊಳ್ಳುತ್ತಾ, ಅಲ್ಲಿ ಏನೇನು ಮಾತು ಸಿಗಬಹುದೆಂದು ಲೆಕ್ಕ ಹಾಕುತ್ತಾ ಹೋದೆ. ತಾಯಿ ಮಗುವನ್ನು ಬಿಟ್ಟು ಹೋಗುವಾಗ ಏನಾದರೂ ಅನ್ನುತ್ತಾಳಲ್ಲ, ಅದನ್ನು ಹಾಗೇ ಎತ್ತಿ ಚೌಕಕ್ಕೆ ಹಾಕಿದರಾಯಿತು ಎಂದಿದ್ದೆ.

ಅಲ್ಲಿ ಮಾತೇ ಇರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ, ನಿದ್ದೆ ಮಾಡುತ್ತಿರುವ ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು, ಬಾಗಿಲಲ್ಲಿ ಅಕ್ಕನ ಕೈಗೆ ಕೊಟ್ಟು ತಿರುಗುತ್ತಿದ್ದರು. ಮಗು ಎದ್ದರೆ ಬಿಟ್ಟು ಹೋಗುವುದು ಕಷ್ಟ, ಅದಕ್ಕೆ ಯಾರೂ ಉಸಿರೆತ್ತುವುದಿಲ್ಲ. ಜೀಪಿನವನು ಕೂಡ ಹಾರನ್ ಮಾಡಲಿಲ್ಲ, ದೀಪವನ್ನು ಎರಡು ಸಲ ಹಾಕಿ ಆರಿಸಿದ. ಅಕ್ಕ ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು, ಯಾವುದು ಎಡಕ್ಕೆ ಹೊರಳುತ್ತದೆ, ಯಾವುದರ ಕೈಗೆ ಸೆರಗಿನ ತುಂಡು ಬೇಕು ಎಂಬುದೆಲ್ಲ ಕತ್ತಲಲ್ಲೇ ಅವಳ ಕೈಗೆ ಗೊತ್ತಿತ್ತು.

ಕೊನೆಗೆ ಒಬ್ಬಳು ಓಡಿ ಬಂದಳು. ಅಕ್ಕನ ಎರಡು ಕೈಯೂ ತುಂಬಿದ್ದವು. ಓಡಿ ಬಂದವಳು ಒಂದು ಕ್ಷಣವೂ ನಿಲ್ಲದೆ ಮಗುವನ್ನು ನನ್ನ ಕೈಗೆ ಹಾಕಿ, ಓಡಿ ಜೀಪು ಹತ್ತಿದಳು. ಹತ್ತಿದ ಮೇಲೆ ತಿರುಗಿ ನೋಡಿದಳು. ಕನ್ನಡಕ ಹಾಕಿಕೊಂಡ ಯಾವನೋ ಗಂಡಸಿನ ಕೈಯಲ್ಲಿ ತನ್ನ ಮಗು. ಅಷ್ಟರಲ್ಲಿ ಜೀಪು ಹೊರಟಿತ್ತು. ಆ ಮುಖ ನೋಡಿ ನನಗೆ ಏನಾದರೂ ಮಾಡಬೇಕೆನಿಸಿತು, ಕೊನೇಪಕ್ಷ ಕನ್ನಡಕ ಏರಿಸಬೇಕೆನಿಸಿತು, ಕೈಗೆ ಬಿಡುವಿರಲಿಲ್ಲ. ಅಕ್ಕ ಬಾಗಿಲಿಗೆ ಬಂದು ನನ್ನ ಪಕ್ಕ ನಿಂತು ಕೈಯೆತ್ತಿದಳು. ಜೀಪಿನ ಹಿಂದೆ ಕೂತ ಆ ಮುಖ ಸಡಿಲವಾದದ್ದು ಆಗ.

ಮಗು ನನ್ನ ಅಂಗಿ ಒದ್ದೆ ಮಾಡಿತು. ಅದನ್ನೂ ನಿದ್ದೆಯಲ್ಲೇ, ಸದ್ದಿಲ್ಲದೆ ಮಾಡಿತು.

ಬೆಳಕು ಹರಿದ ಮೇಲೆ ಅಕ್ಕ ಕೊಟ್ಟ ಬೆಲ್ಲದ ಟೀ ಕುಡಿಯುತ್ತಾ, ಚೌಕಕ್ಕೆ ಏನು ಬರೆಯಲಿ ಎಂದು ಕೇಳಿದೆ.

"ಬರ್ಕೋ. ಐದೂವರೆಗೆ ಬಂದು ನೋಡಿ."

ಇನ್ನೂ ಬೇಕಾದಷ್ಟು ಜಾಗ ಇದೆ ಅಕ್ಕ ಎಂದೆ.

"ಇದ್ರೆ ಇರ್ಲಿ ಬುಡು." ಸ್ವಲ್ಪ ಯೋಚಿಸಿ ಸೇರಿಸಿದಳು. "ನಾನು ಅತ್ತಿಲ್ಲ ಅಂತ್ಲೂ ಬರಿ."

ಅಷ್ಟೇ ಬರೆದೆ. ಸಮಯದ ಕಾಲಮ್ಮಿನ ಕೆಳಗೆ, ಇದನ್ನು ನಮ್ಮ ಕಚೇರಿಯ ಬೋರ್ಡು ನೋಡಿ ಬರೆದಿದ್ದೆ, ಯಾರನ್ನೂ ಕೇಳಿರಲಿಲ್ಲ, ಹಾಜರಿಯನ್ನು ಹಾಗೆ ಬರೆಯುವಂತೆ ಮಾಡಿದವನೂ ನಾನೇ ಎಂದು ಸೇರಿಸಿದೆ. ಈ ಮೂರು ಸಾಲಿಗೆ ಟೈ ಕಟ್ಟಿದವನ ದನಿಯೂ ಒಗ್ಗಲಿಲ್ಲ, ಘನತೆಯೂ ಒಗ್ಗಲಿಲ್ಲ. ಸರ್ ಓದುವಾಗ ಕೆಂಪು ಪೆನ್ನು ಕೈಗೆತ್ತಿಕೊಂಡರು, ಸುಮಾರು ಹೊತ್ತು ಹಿಡಿದಿದ್ದು ಕೆಳಗಿಟ್ಟರು.

ಉತ್ತರ ಬರುವವರೆಗೆ ಅಕ್ಕ ಜೀಪಿನ ಜಾಗ ಬಿಟ್ಟುಕೊಡಲಿಲ್ಲ. ಕೊನೆಗೆ ಉತ್ತರ ಬಂತು. ಮೂರು ವರ್ಷ ಕೇಳಿದ್ದೆವು, ಒಂದು ವರ್ಷ ಕೊಟ್ಟಿದ್ದರು. ಸಮಯ ಐದೂವರೆಯಿಂದ. ಅಕ್ಕನ ಜೊತೆಗೆ ಇನ್ನೊಬ್ಬ ಹೆಂಗಸು. ಬಾಲವಾಡಿಯ ಸೋರುವ ಸೂರಿನ ರಿಪೇರಿಗೆ ಕೇಳಿದ್ದಕ್ಕೆ ಏನೂ ಇಲ್ಲ. ಕೊನೆಯಲ್ಲಿ ಒಂದು ಷರತ್ತು: ಪ್ರಪೋಸಲ್ ಬರೆದವರು ತಿಂಗಳಿಗೊಮ್ಮೆ ಬಾಗಿಲು ತೆರೆಯುವ ಹೊತ್ತಿಗೆ ಖುದ್ದಾಗಿ ಹೋಗಿ ಪುಸ್ತಕದಲ್ಲಿ ಸಹಿ ಮಾಡಬೇಕು. ನಾನು ಅದನ್ನು ಮೇಡಂ ದನಿಯಲ್ಲೇ ಅಕ್ಕನಿಗೆ ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ದನಿ ನನ್ನದೇ ಆಗಿಬಿಟ್ಟಿತು.

ಮೊದಲ ತಿಂಗಳು ಹೋದಾಗ ಜೀಪು ಹೊರಟುಹೋಗಿತ್ತು. ಮಂಜು ಎಂದೆ, ಬೈಕು ಎಂದೆ. ನಿಜವೆಂದರೆ ನಿದ್ದೆ. ಅಕ್ಕ ಹೊಸ ಪುಸ್ತಕ ತೆಗೆದು, ನನ್ನ ಕಾಲಮ್ಮಿನಲ್ಲಿ ನಿಧಾನವಾಗಿ ಆರೂ ಹತ್ತು ಎಂದು ಬರೆದಳು. ಐದೂವರೆ ಅಂತ ಹಾಕಿ ಅಕ್ಕ, ಯಾರು ನೋಡುತ್ತಾರೆ ಎಂದು ಗೋಗರೆದೆ. ಅವಳು ಹೆಗಲ ಮೇಲಿನ ಪಟ್ಟಿ ಎಳೆದುಕೊಂಡು, ಮೂಗಿನ ಮೇಲಿನ ಕನ್ನಡಕ ಏರಿಸಿ, ಮೂರು ವರ್ಷದ ಹಿಂದಿನ ನನ್ನ ಬೆರಳನ್ನು ಎತ್ತಿದಳು.

"ಒಂದಕ್ಷರ ಬದಲಾಯಿಸಿದರೂ ನಿಂತುಹೋಗುತ್ತದೆ."

ಚಾಪೆಯ ಮೇಲೆ ಯಾವುದೋ ಮಗು ಹೊರಳಿತು. ಇಬ್ಬರೂ ಉಸಿರು ಬಿಗಿಹಿಡಿದೆವು. ಅವಳು ಪೆನ್ನನ್ನು ನನ್ನ ಕಡೆ ತಳ್ಳಿದಳು, ನಾನು ಆರೂ ಹತ್ತರ ಪಕ್ಕದಲ್ಲಿ ಸದ್ದಾಗದ ಹಾಗೆ ಸಹಿ ಹಾಕಿದೆ.